ಮಳೆಗಿಂತ ಮೊದಲು ಬರುವ ಸದ್ದು

ಮಲೆನಾಡಿನಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಸುರಿಯುವ ಮಳೆ ಒಮ್ಮೆಲೇ ಮೈಮೇಲೆ ಬೀಳುವುದಿಲ್ಲ. ಮೊದಲು ಎದುರು ಗುಡ್ಡದ ಕಾಡಿನ ಮೇಲೆ ಬೀಳುತ್ತದೆ. ಸಾವಿರಾರು ಎಲೆಗಳಿಗೆ ಹನಿ ಬಡಿದ ಸದ್ದು ಒಂದಾಗಿ, ಒಂದು ಮೊರೆತವಾಗಿ ಕಣಿವೆ ದಾಟಿ ಬರುತ್ತದೆ. ಅಂಗಳದ ತುಂಬ ಹಲಸಿನ ಹಪ್ಪಳ ಹರವಿಕೊಂಡವರು ಆಗ ಆಕಾಶ ನೋಡುತ್ತಾ ನಿಲ್ಲುವುದಿಲ್ಲ. ಒಳಗೆ ಯಾರೇ ಏನೇ ಮಾಡುತ್ತಿರಲಿ, ‘ಮಳೆ ಬಂತು’ ಎಂದು ಕೂಗಿ ಓಡುತ್ತಾರೆ. ಬಿಸಿಲು ಇನ್ನೂ ಅಂಗಳದಲ್ಲೇ ಇರುತ್ತದೆ, ಒಂದು ಹನಿಯೂ ಬಿದ್ದಿರುವುದಿಲ್ಲ. ಆದರೂ ಯಾರೂ ಅನುಮಾನ ಪಡುವುದಿಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ದೂರ ಸಾಗುತ್ತದೆ. ಮಳೆಯನ್ನು ಹೊತ್ತ ಮೋಡ ಸಾಮಾನ್ಯವಾಗಿ ಸಾಗುವುದು ಸೆಕೆಂಡಿಗೆ ಹತ್ತು ಮೀಟರಿನ ಆಸುಪಾಸು. ಒಂದು ಕಿಲೋಮೀಟರ್ ಆಚೆ ಬಿದ್ದ ಮಳೆಯ ಸುದ್ದಿ ಮೂರು ಸೆಕೆಂಡಿನಲ್ಲಿ ಅಂಗಳ ಮುಟ್ಟಿದರೆ ಮಳೆ ಮುಟ್ಟಲು ಒಂದೆರಡು ನಿಮಿಷ ಬೇಕು. ಹಪ್ಪಳ ಒಳಗೆ ಸೇರುವುದು ಆ ಒಂದೆರಡು ನಿಮಿಷದಲ್ಲಿ.

ಕಿವಿಯಿಂದ ಬರುವ ಇಂಥ ತಿಳಿವಳಿಕೆಯನ್ನು ನಾವು ತಿಳಿವಳಿಕೆ ಎಂದು ಎಣಿಸುವುದೇ ಇಲ್ಲ. ಅಡುಗೆಮನೆಯನ್ನೇ ನೋಡಿ. ಸಾಸಿವೆ ಸಿಡಿಯುವುದು ನಿಂತ ಕ್ಷಣದಲ್ಲಿ ಕರಿಬೇವು ಹಾಕಬೇಕು. ದೋಸೆಕಲ್ಲಿಗೆ ಚಿಮುಕಿಸಿದ ನೀರು ಚುಂಯ್ ಎಂದು ಹಾರಿದರೆ ಹಿಟ್ಟು ಹೊಯ್ಯಬಹುದು. ಕೊಡಕ್ಕೆ ನೀರು ತುಂಬುತ್ತಾ ಬಂದಂತೆ ಸದ್ದು ಸಣ್ಣದಾಗುತ್ತಾ, ತಾರಕಕ್ಕೆ ಏರುತ್ತಾ ಹೋಗುತ್ತದೆ. ಒಳಗಿನ ಗಾಳಿಯ ಕಂಬ ಗಿಡ್ಡವಾದಷ್ಟೂ ಅದರ ಸ್ವರ ಎತ್ತರವಾಗುತ್ತದೆ ಎಂಬ ಭೌತಶಾಸ್ತ್ರದ ನಿಯಮ ಗೊತ್ತಿಲ್ಲದವರೂ ಇನ್ನೊಂದು ಕೋಣೆಯಿಂದಲೇ ‘ಕೊಡ ತುಂಬಿತು, ನಲ್ಲಿ ನಿಲ್ಲಿಸು’ ಎನ್ನುತ್ತಾರೆ. ಎಳನೀರಿನವನು ಕತ್ತಿಯ ಹಿಂಬದಿಯಿಂದ ಒಮ್ಮೆ ತಟ್ಟಿ, ಇದರಲ್ಲಿ ಬರೀ ನೀರು, ಇದರಲ್ಲಿ ಗಂಜಿ ಎಂದು ಬೇರೆ ಮಾಡಿ ಕೊಡುತ್ತಾನೆ. ಹಲಸಿನ ಕಾಯಿ ಎಳೆಯದಿದ್ದರೆ ತಟ್ಟಿದಾಗ ಗಟ್ಟಿ ಸದ್ದು, ಬಲಿತಿದ್ದರೆ ಡಬ್ ಡಬ್ ಎಂಬ ಟೊಳ್ಳು ಸದ್ದು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಾರಿಸದೆ ಕೊಳ್ಳುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿದ್ದರೂ ಮಡಕೆಯ ದನಿ ಸತ್ತುಹೋಗಿರುತ್ತದೆ.

ಈ ತಟ್ಟುವ ವಿದ್ಯೆ ಒಮ್ಮೆ ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಆಸ್ಟ್ರಿಯಾದ ಗ್ರಾಜ್ ಊರಿನ ಲಿಯೋಪೋಲ್ಡ್ ಔಯನ್‌ಬ್ರುಗರ್ ಎಂಬ ವೈದ್ಯನ ತಂದೆ ವಸತಿಗೃಹ ನಡೆಸುತ್ತಿದ್ದ. ಪೀಪಾಯಿಯಲ್ಲಿ ಮದ್ಯ ಎಷ್ಟು ಉಳಿದಿದೆ ಎಂದು ತಟ್ಟಿ ತಿಳಿಯುವುದು ಆ ವೃತ್ತಿಯವರಿಗೆ ದಿನನಿತ್ಯದ ಮಾತು. ಮಗ ರೋಗಿಗಳ ಎದೆಯನ್ನು ಹಾಗೆಯೇ ಬೆರಳಿನಿಂದ ತಟ್ಟಿ ನೋಡಿದ. ಗಾಳಿ ತುಂಬಿದ ಶ್ವಾಸಕೋಶ ಮೊಳಗುತ್ತದೆ, ದ್ರವ ತುಂಬಿಕೊಂಡ ಭಾಗ ಮಂಕಾಗುತ್ತದೆ. 1761ರಲ್ಲಿ ಅವನು ಇದನ್ನು ಪುಸ್ತಕವಾಗಿ ಪ್ರಕಟಿಸಿದಾಗ ಹೆಚ್ಚಿನವರು ಗಮನ ಕೊಡಲಿಲ್ಲ. ನೆಪೋಲಿಯನ್ನನ ವೈದ್ಯನಾಗಿದ್ದ ಕೊರ್ವಿಸಾರ್ 1808ರಲ್ಲಿ ಅದನ್ನು ಫ್ರೆಂಚ್ ಭಾಷೆಗೆ ತಂದ ಮೇಲಷ್ಟೇ ಅದು ಎಲ್ಲೆಡೆ ಹರಡಿತು. 1816ರಲ್ಲಿ ಲೆನೆಕ್ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಸ್ಟೆತೋಸ್ಕೋಪ್ ಹುಟ್ಟಿದ್ದು ಹಾಗೆ. ಎಕ್ಸ್ ಕಿರಣ ಬರಲು ಇನ್ನೂ ಎಂಬತ್ತು ವರ್ಷವಿತ್ತು. ಅಲ್ಲಿಯವರೆಗೆ, ಬದುಕಿರುವ ಮನುಷ್ಯನ ಎದೆಯೊಳಗೆ ಏನು ನಡೆದಿದೆ ಎಂದು ತಿಳಿಯಲು ವೈದ್ಯರಿಗಿದ್ದ ದೊಡ್ಡ ದಾರಿ ಕಿವಿಯೇ.

ಸದ್ದು ಎಂದರೆ ಏನು ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಬಹಳ ಹಿಂದೆಯೇ ಕೇಳಿಕೊಂಡವನು ವ್ಯಾಕರಣಕಾರ ಕೇಶಿರಾಜ. ಹದಿಮೂರನೆಯ ಶತಮಾನದ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅಕ್ಷರಗಳ ವಿಚಾರಕ್ಕೆ ಹೋಗುವಾಗ ಅವನು ಮಾತು ಹುಟ್ಟುವ ಬಗೆಯನ್ನು ಹೇಳುತ್ತಾನೆ: ಜೀವಾತ್ಮನ ಇಚ್ಛೆಯಿಂದ, ಅನುಕೂಲವಾದ ಗಾಳಿಯ ನೆರವಿನಿಂದ, ನಾಭಿಯ ಮೂಲದಲ್ಲಿ ಕಹಳೆಯ ಹಾಗೆ ಶಬ್ದವೆಂಬ ದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿ. ದ್ರವ್ಯ ಎಂದದ್ದು ಯೋಚಿಸಿಯೇ. ಶಬ್ದ ಆಕಾಶದ ಗುಣ ಎಂದು ನ್ಯಾಯದರ್ಶನದವರು ವಾದಿಸುತ್ತಿದ್ದರು. ಅದು ಗುಣವಲ್ಲ, ಪುದ್ಗಲ, ಅಂದರೆ ಜಡವಸ್ತುವಿನದೇ ಒಂದು ರೂಪ ಎಂಬುದು ಜೈನರ ವಾದ. ಕೇಶಿರಾಜ ಜೈನ. ಇಂದಿನ ವಿಜ್ಞಾನ ಇಬ್ಬರಲ್ಲಿ ಯಾರನ್ನೂ ಪೂರ್ತಿ ಒಪ್ಪುವುದಿಲ್ಲ. ಆದರೆ ವಸ್ತುವಿಲ್ಲದೆ ಸದ್ದಿಲ್ಲ ಎಂಬ ಮಟ್ಟಿಗೆ ಜೈನರ ಪಕ್ಷ ಹೆಚ್ಚು ಹತ್ತಿರ ಎಂದು ನನಗೆ ಅನಿಸುತ್ತದೆ. 1660ರಲ್ಲಿ ರಾಬರ್ಟ್ ಬಾಯ್ಲ್ ಗಾಜಿನ ಪಾತ್ರೆಯೊಳಗಿನ ಗಾಳಿಯನ್ನು ಹೊರಗೆಳೆಯುತ್ತಾ ಹೋದಂತೆ ಒಳಗಿಟ್ಟ ಗಡಿಯಾರದ ಟಿಕ್ ಟಿಕ್ ಕ್ಷೀಣಿಸಿದ್ದನ್ನು ತೋರಿಸಿದ. ಶುದ್ಧ ಆಕಾಶದಲ್ಲಿ ಸದ್ದಿಗೆ ನಿಲ್ಲಲು ನೆಲೆಯೇ ಇಲ್ಲ.

ಹಾಗೆಂದು ಸದ್ದಿನ ಜೊತೆ ಗಾಳಿ ಹರಿದು ಬರುವುದಿಲ್ಲ. ಬೆಳೆದ ಬತ್ತದ ಗದ್ದೆಯ ಮೇಲೆ ಬೀಸುಗಾಳಿ ಹಾದಾಗ ಒಂದೊಂದೇ ತೆನೆ ಬಾಗಿ ಮತ್ತೆ ತನ್ನ ಜಾಗಕ್ಕೇ ಬರುತ್ತದೆ, ಅಲೆ ಮಾತ್ರ ಬದುವಿನವರೆಗೆ ಓಡುತ್ತದೆಯಲ್ಲ, ಹಾಗೆ ಗಾಳಿಯ ಕಣಗಳು ನಿಂತಲ್ಲೇ ಹಿಂದೆ ಮುಂದೆ ಅಲುಗುತ್ತವೆ, ಒತ್ತಡದ ಅಲೆ ಮುಂದೆ ಹೋಗುತ್ತದೆ. ಅದು ಸೆಕೆಂಡಿಗೆ 20 ಸಲದಿಂದ 20 ಸಾವಿರ ಸಲ ಅಲುಗಿದರೆ ನಮಗೆ ಕೇಳಿಸುತ್ತದೆ. ಅದಕ್ಕಿಂತ ನಿಧಾನವಾದದ್ದರಲ್ಲಿ ಆನೆಗಳು ಮೈಲಿ ದೂರದಿಂದ ಒಂದನ್ನೊಂದು ಕರೆಯುತ್ತವೆ. ವೇಗವಾದದ್ದರಲ್ಲಿ ಬಾವಲಿಗಳು ಕತ್ತಲೆಯನ್ನು ಅಳೆಯುತ್ತವೆ. ನಮ್ಮ ಅಂಗಳದಲ್ಲೇ ನಮಗೆ ಗೊತ್ತಾಗದ ಮಾತುಕತೆ ಎಷ್ಟೋ ನಡೆದಿರುತ್ತದೆ.

ಊರಿನಲ್ಲಿ ಯಕ್ಷಗಾನದ ರಾತ್ರಿಗಳಲ್ಲಿ ಚೆಂಡೆಯ ಸದ್ದು ಎರಡು ಗುಡ್ಡ ಆಚೆಯಿಂದ ಕೇಳಿಸುತ್ತಿತ್ತು. ಹಗಲು ಅದೇ ಜಾಗದಲ್ಲಿ ಅದೇ ಚೆಂಡೆ ಬಾರಿಸಿದರೆ ಅಷ್ಟು ದೂರ ಬರುವುದಿಲ್ಲ. ರಾತ್ರಿ ಗಲಾಟೆ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ, ಆದರೆ ಅರ್ಧ ನಿಜ. ಇನ್ನರ್ಧ ಗಾಳಿಯೊಳಗಿದೆ. ಉಷ್ಣಾಂಶ ಒಂದು ಡಿಗ್ರಿ ಹೆಚ್ಚಿದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಹಗಲು ನೆಲ ಕಾದಿರುತ್ತದೆ, ಕೆಳಗಿನ ಗಾಳಿ ಬಿಸಿ, ಮೇಲಿನದು ತಂಪು. ಅಲೆಯ ಕೆಳಭಾಗ ಬೇಗ ಓಡಿ ಇಡೀ ಅಲೆ ಆಕಾಶದ ಕಡೆಗೆ ಬಾಗಿ ಹೋಗಿಬಿಡುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ, ಕೆಳಗೆ ತಂಪು ಮೇಲೆ ಬಿಸಿ ಎಂದು ಎಲ್ಲ ತಿರುಗುಮುರುಗಾಗುತ್ತದೆ. ಮೇಲಕ್ಕೆ ಹೊರಟ ಸದ್ದು ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಬೆಳಗಿನ ಜಾವ ಬಹು ದೂರದ ರೈಲು ಮನೆಯ ಹಿಂದೆಯೇ ಹೋದಂತೆ ಕೇಳಿಸುವುದೂ ಇದೇ ಕಾರಣಕ್ಕೆ. ಆಟಕ್ಕೆ ಹೋಗಲಾಗದ ಹಿರಿಯರು ಜಗುಲಿಯಲ್ಲಿ ಕಂಬಳಿ ಹೊದ್ದು ಕುಳಿತು, ಚೆಂಡೆಯ ಓಟ ಕೇಳಿ, ಈಗ ಯುದ್ಧಕ್ಕೆ ಬಂತು, ಇನ್ನೇನು ಬೆಳಗಾಯಿತು ಎನ್ನುತ್ತಿದ್ದರು. ಚಳಿಗಾಲದ ಆ ತಣ್ಣನೆಯ ನೆಲ ಅವರಿಗೂ ಆಟದ ಒಂದು ಪಾಲು ತಲುಪಿಸುತ್ತಿತ್ತು.

ವಾದ್ಯಗಳ ಮಾತು ಬಂದಾಗ ಸಿ.ವಿ. ರಾಮನ್ ನೆನಪಾಗುತ್ತಾರೆ. ಬೆಳಕಿನ ಕೆಲಸಕ್ಕೆ ನೊಬೆಲ್ ಬಂದದ್ದರಿಂದ ಅವರು ಸದ್ದಿನ ಮೇಲೆ ಮಾಡಿದ ಕೆಲಸ ಮಂಕಾಗಿದೆ. ನನಗಂತೂ ಅದರ ಮೇಲೆ ಹೆಚ್ಚು ಪ್ರೀತಿ. ಬಿಗಿದ ಚರ್ಮವನ್ನು ಬಡಿದರೆ ಹಲವು ಬಗೆಯ ಕಂಪನಗಳು ಒಟ್ಟಿಗೆ ಏಳುತ್ತವೆ, ಅವುಗಳ ನಡುವೆ ಸರಳ ಅನುಪಾತವಿರುವುದಿಲ್ಲ. ತಂತಿಯಲ್ಲಿ ಆದರೆ ಒಂದು, ಎರಡು, ಮೂರು ಎಂದು ಪೂರ್ಣಸಂಖ್ಯೆಯ ಲೆಕ್ಕ, ಹಾಗಾಗಿ ಅದು ಇಂಪು. ಚರ್ಮವಾದ್ಯ ಬರೀ ದಡಬಡ. ಹಾಗಿರುವಾಗ ಮೃದಂಗವನ್ನು ಶ್ರುತಿಗೆ ಕೂಡಿಸಲು ಹೇಗೆ ಸಾಧ್ಯ? ರಾಮನ್ ಮತ್ತು ಶಿವಕಾಲಿ ಕುಮಾರ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಮೇಲೆ 1934ರಲ್ಲಿ ರಾಮನ್ ಅದನ್ನೇ ವಿಸ್ತಾರವಾಗಿ ಬರೆದರು. ಗುಟ್ಟು ಇರುವುದು ಬಲಮುಖದ ನಡುವಿನ ಕಪ್ಪು ಕರಣೆಯಲ್ಲಿ. ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ಅರೆದು, ಪದರದ ಮೇಲೆ ಪದರವಾಗಿ ಉಜ್ಜಿ ಮಾಡಿದ ಆ ಬಿಲ್ಲೆ ಚರ್ಮದ ನಡುವಿಗೆ ತಕ್ಕ ಭಾರ ಕೊಟ್ಟು, ಅಡ್ಡಾದಿಡ್ಡಿಯಾಗಿದ್ದ ಕಂಪನಗಳನ್ನು ತಂತಿಯ ಸಾಲಿಗೆ ತಂದು ನಿಲ್ಲಿಸುತ್ತದೆ. ಐದು ಸ್ವರಾಂಶಗಳು ಶುದ್ಧ ಪೂರ್ಣಸಂಖ್ಯೆಯ ಅನುಪಾತದಲ್ಲಿ ಕೂಡುತ್ತವೆ.

ಇದನ್ನು ಮೊದಲು ಕಂಡುಹಿಡಿದವರ ಹೆಸರು ಯಾವ ಪತ್ರಿಕೆಯಲ್ಲೂ ಇಲ್ಲ. ಅವರು ಚರ್ಮದ ಕೆಲಸ ಮಾಡುವ ಕುಟುಂಬಗಳವರು. ಸಮೀಕರಣವಿಲ್ಲದೆ, ಮೀಟರಿಲ್ಲದೆ, ಒಂದು ಪದರ ಹಚ್ಚಿ ಒಣಗಿಸಿ ತಟ್ಟಿ ಕೇಳಿ, ಸಾಲದೆ ಮತ್ತೊಂದು ಪದರ ಹಚ್ಚಿ, ತಲೆಮಾರುಗಳ ಕಾಲ ಕಿವಿಯೊಂದನ್ನೇ ನಂಬಿ ಅವರು ಆ ಬಿಲ್ಲೆಯ ಅಳತೆ, ದಪ್ಪ, ಜಾಗ ಗೊತ್ತುಮಾಡಿದರು. ಕಚೇರಿಯಲ್ಲಿ ಗಾಯಕರ ಹೆಸರು, ಪಕ್ಕವಾದ್ಯದವರ ಹೆಸರು ಹೇಳುತ್ತಾರೆ. ಮೃದಂಗ ಮಾಡಿದವರ ಹೆಸರನ್ನೂ ಹೇಳುವ ದಿನ ಬರಬೇಕು ಎಂದು ನನಗೆ ತುಂಬ ಆಸೆ.

ಈಗ ಕಿವಿಯ ವಿಚಾರ. ಕೇಳಿಸುವ ಅತಿ ಸಣ್ಣ ಸದ್ದಿಗೆ ಕಿವಿದೆರೆ ಅಲುಗುವ ದೂರ ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆ. ಅತಿ ಸಣ್ಣ ಸದ್ದಿಗೂ ನೋವು ಕೊಡುವ ಸದ್ದಿಗೂ ಶಕ್ತಿಯಲ್ಲಿರುವ ಅಂತರ ಒಂದು ಲಕ್ಷ ಕೋಟಿ ಪಟ್ಟು. ಇಷ್ಟು ಅಗಲವಾದ ಅಳತೆಪಟ್ಟಿಯನ್ನು ಹಿಡಿಯಲೆಂದೇ ಡೆಸಿಬಲ್ ಎಂಬ ಲೆಕ್ಕ ಬಂದದ್ದು. ಅದರಲ್ಲಿ ಹತ್ತು ಹೆಚ್ಚಿದರೆ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಹೆಚ್ಚಿದರೆ ನೂರು ಪಟ್ಟು. ಕಿವಿದೆರೆಯ ಹಿಂದೆ ದೇಹದ ಅತಿ ಚಿಕ್ಕ ಮೂಳೆಗಳು ಮೂರು. ಅವುಗಳ ಆಚೆ ಶಂಖದಂತೆ ಸುರುಳಿ ಸುತ್ತಿಕೊಂಡ ಕಾಕ್ಲಿಯಾ, ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳು. ಸುರುಳಿಯ ಬಾಗಿಲಲ್ಲೇ ಇರುವ ಕೋಶಗಳು ತಾರಕದ ಸದ್ದನ್ನು ಹಿಡಿಯುತ್ತವೆ, ತುದಿಯಲ್ಲಿರುವವು ಮಂದ್ರವನ್ನು. ಹಕ್ಕಿಗಳಲ್ಲಿ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುತ್ತವೆ. ನಮ್ಮಲ್ಲಿ ಇಲ್ಲ. ಹುಟ್ಟಿದಾಗ ತಂದದ್ದೇ ಕೊನೆಯವರೆಗೆ. ವಯಸ್ಸಾದಂತೆ ಮೊದಲು ಹಾಳಾಗುವುದು ಬಾಗಿಲಲ್ಲಿರುವವು, ಅಂದರೆ ತಾರಕದವು.

ಅಮ್ಮ ಊರಿನಿಂದ ಮೈಸೂರಿಗೆ ನಮ್ಮ ಮನೆಗೆ ಬಂದ ಮೇಲೆ ಈ ಸಂಗತಿ ನನಗೆ ಓದಿನಿಂದ ಬದುಕಿಗೆ ಇಳಿದು ಬಂತು. ‘ನನಗೆ ಕೇಳಿಸುತ್ತದೆ ಮಾರಾಯ್ತಿ, ನೀವು ಹೇಳುವುದು ಅರ್ಥವಾಗುವುದಿಲ್ಲ’ ಎಂದು ಅವಳು ಹೇಳುತ್ತಿದ್ದಳು. ‘ಅಮ್ಮಾ, ಕಾಯಿ ತಂದೆ’ ಎಂದರೆ ‘ನಾಯಿ ಬಂತಾ?’ ಎನ್ನುತ್ತಿದ್ದಳು. ಮನೆಯವರೆಲ್ಲ ದನಿ ಎತ್ತರಿಸಿದೆವು. ಅದರಿಂದ ಏನೂ ಆಗಲಿಲ್ಲ, ಅವಳಿಗೆ ನಾವು ಗದರುತ್ತಿದ್ದೇವೆ ಎನಿಸಿ ಮುಖ ಸಪ್ಪೆಯಾಯಿತು. ಮೈಸೂರಿನಲ್ಲಿ ಇರುವುದರ ಒಂದು ಭಾಗ್ಯವೆಂದರೆ 1965ರಿಂದ ಇಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಲ್ಲಿ ಪರೀಕ್ಷೆಯಾದ ಮೇಲೆ ಕೈಗೆ ಬಂದ ಗೆರೆಚಿತ್ರದಲ್ಲಿ ಎಡಬದಿಯ ಮಂದ್ರದ ಗೆರೆ ಹೆಚ್ಚುಕಡಿಮೆ ನೆಟ್ಟಗಿತ್ತು. ಬಲಬದಿಗೆ, ತಾರಕದ ಕಡೆ ಹೋದಂತೆ, ಗುಡ್ಡದಿಂದ ಇಳಿದಂತೆ ಇಳಿದುಹೋಗಿತ್ತು.

ಮಾತಿನಲ್ಲಿ ಬಲವೆಲ್ಲ ಸ್ವರಗಳದು. ಆ, ಊ, ಓ ಇವುಗಳಲ್ಲಿ ಮಂದ್ರದ ಶಕ್ತಿ ತುಂಬಿರುತ್ತದೆ, ಅವು ದೂರ ಹೋಗುತ್ತವೆ. ವ್ಯಂಜನಗಳು ಕ್ಷಣಮಾತ್ರದವು, ಬಡಕಲು. ಸ, ಶ, ಚ ಇಂಥವುಗಳ ಗುರುತೆಲ್ಲ ಮೂರು ನಾಲ್ಕು ಸಾವಿರ ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಸಲದ ಅಲುಗಾಟ, ಮತ್ತು ಅದರ ಮೇಲಿನ ತಾರಕದಲ್ಲಿ. ಆದರೆ ಯಾವ ಪದ ಯಾವುದು ಎಂದು ಬೇರೆ ಮಾಡುವ ಕೆಲಸ ಹೆಚ್ಚಾಗಿ ಈ ಬಡಕಲು ವ್ಯಂಜನಗಳದ್ದೇ. ಕಾಯಿ, ತಾಯಿ, ಬಾಯಿ, ನಾಯಿ ಎಲ್ಲದರಲ್ಲೂ ಅಮ್ಮನಿಗೆ ಚೆನ್ನಾಗಿ ಕೇಳಿಸುತ್ತಿದ್ದದ್ದು ‘ಆಯಿ’ ಮಾತ್ರ. ಉಳಿದದ್ದನ್ನು ಅವಳು ಊಹಿಸಿ ತುಂಬಿಕೊಳ್ಳುತ್ತಿದ್ದಳು. ಕೂಗಿದಾಗ ದೊಡ್ಡದಾಗುವುದೂ ಸ್ವರವೇ, ವ್ಯಂಜನವಲ್ಲ. ಅವಳಿಗೆ ಬೇಕಿದ್ದದ್ದು ಎದುರು ಕುಳಿತು, ಬೆಳಕು ನಮ್ಮ ಮುಖದ ಮೇಲೆ ಬೀಳುವಂತೆ, ತುಟಿ ಕಾಣುವಂತೆ, ನಿಧಾನವಾಗಿ ಆಡುವ ಮಾತು. ಮನೆಯಲ್ಲಿ ಹಿರಿಯರಿರುವ ಪ್ರತಿಯೊಬ್ಬರಿಗೂ ಇದನ್ನು ಹೇಳಬೇಕು ಎನಿಸುತ್ತದೆ. ಬೆನ್ನು ತಿರುಗಿಸಿಕೊಂಡು ಅಡುಗೆಮನೆಯಿಂದ ಕೂಗಬೇಡಿ, ಮಿಕ್ಸಿ ತಿರುಗುವಾಗ ಏನನ್ನೂ ಕೇಳಬೇಡಿ. ‘ಎಷ್ಟು ಸಲ ಹೇಳಬೇಕು’ ಎಂದಂತೂ ಖಂಡಿತ ಅನ್ನಬೇಡಿ.

ಆ ದಿನಗಳಲ್ಲೇ ಇನ್ನೊಂದು ಸಂಗತಿ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಮಗುವಿಗೆ ಹೊರಗಿನ ಸದ್ದು ಕೇಳಿಸುತ್ತದೆ. ಅಭಿಮನ್ಯು ಹೊಟ್ಟೆಯಲ್ಲಿದ್ದಾಗಲೇ ಚಕ್ರವ್ಯೂಹದ ಕತೆ ಕೇಳಿದ ಎಂದು ನಾವೆಲ್ಲ ಕೇಳಿ ಬೆಳೆದದ್ದೇ. ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು 1980ರಲ್ಲಿ, ಹುಟ್ಟಿ ಮೂರು ದಿನವೂ ಆಗದ ಕೂಸುಗಳು ಬೇರೆ ಹೆಂಗಸರ ದನಿಗಿಂತ ತಾಯಿಯ ದನಿಯನ್ನೇ ಆರಿಸಿಕೊಳ್ಳುತ್ತವೆ ಎಂದು ತೋರಿಸಿದರು. ಬಾಯಿಗಿಟ್ಟ ತೊಟ್ಟನ್ನು ಯಾವ ಲಯದಲ್ಲಿ ಚೀಪಿದರೆ ಅಮ್ಮನ ದನಿ ಕೇಳಿಸುತ್ತದೆ ಎಂದು ಗೊತ್ತುಮಾಡಿಕೊಂಡು ಅವು ಹಾಗೆಯೇ ಚೀಪುತ್ತಿದ್ದವು. ಆದರೆ ಮೈಯ ಗೋಡೆ ದಾಟಿ ಒಳಗೆ ಹೋಗುವ ಸದ್ದಿನಲ್ಲಿ ತಾರಕ ಬಹಳ ಮಟ್ಟಿಗೆ ಉಳಿಯುವುದಿಲ್ಲ. ವ್ಯಂಜನಗಳು ಮಸುಕಾಗಿ, ದನಿಯ ಏರಿಳಿತ, ಲಯ, ಮಂದ್ರದ ಸ್ವರ ಇಷ್ಟೇ ಒಳಗಿನ ಮಗುವಿಗೆ ಸಿಗುವುದು. ಒಂದು ಕಾಲಕ್ಕೆ ನನಗೆ ಅಮ್ಮನ ಮಾತು ಹೇಗೆ ಕೇಳಿಸಿತ್ತೋ ಈಗ ಅವಳಿಗೆ ನನ್ನ ಮಾತು ಹೆಚ್ಚುಕಡಿಮೆ ಹಾಗೆ ಕೇಳಿಸುತ್ತಿದೆ. ಪದ ಅಳಿಸಿಹೋದರೂ ರಾಗ ಉಳಿದಿದೆ. ನಾನು ಬೇಸರದಲ್ಲಿ ಮಾತನಾಡಿದರೆ ಮಾತು ತಿಳಿಯದಿದ್ದರೂ ಬೇಸರ ಅವಳಿಗೆ ತಪ್ಪದೆ ತಿಳಿಯುತ್ತದೆ.

ಶ್ರವಣ ಸಾಧನ ಹಾಕಿದ ಮೊದಲ ವಾರ ಅವಳಿಗೆ ಅದು ಸಂಕಟವೇ ಆಯಿತು. ತಟ್ಟೆ ಲೋಟದ ಸದ್ದು ಚುಚ್ಚುತ್ತದೆ, ಸೀರೆಯ ನೆರಿಗೆ ಸರಿದರೂ ಕೇಳಿಸುತ್ತದೆ ಎಂದಳು. ವರ್ಷಗಟ್ಟಲೆ ತಾರಕವಿಲ್ಲದೆ ಇದ್ದ ಮಿದುಳು ಯಾವ ಸದ್ದು ಬೇಕು, ಯಾವುದು ಬೇಡ ಎಂದು ಮತ್ತೆ ಕಲಿಯಬೇಕು, ಅದಕ್ಕೆ ಸಮಯ ಬೇಕು. ನಿಧಾನವಾಗಿ ಹೊಂದಿಕೊಂಡಳು. ಹಿತ್ತಲಿನ ಸೂರಕ್ಕಿಯ ಚಿಂವ್ ಚಿಂವ್ ಕೇಳಿಸಿದ ದಿನ ಮಗುವಿನಂತೆ ನನ್ನನ್ನು ಕೂಗಿ ಕರೆದಿದ್ದಳು. ಆದರೆ ಹೊರಗೆ ಹೋದಾಗ, ಸಂಜೆಯ ಹೊತ್ತು ರಸ್ತೆಯಲ್ಲಿ, ಮದುವೆಯ ಛತ್ರದಲ್ಲಿ, ಸಾಧನವಿದ್ದರೂ ಅವಳಿಗೆ ಮಾತು ಮತ್ತೆ ಮುಳುಗಿಹೋಗುತ್ತದೆ. ಗದ್ದಲ ಎಂದರೆ ಏನೆಂದು ನನಗೆ ಸರಿಯಾಗಿ ತಿಳಿದದ್ದು ಅವಳ ಪಕ್ಕದಲ್ಲಿ ನಿಂತಾಗ.

ಗದ್ದಲದಿಂದ ನೆಮ್ಮದಿ ಹೋಗುತ್ತದೆ, ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ ಎಂದು ಹೇಳುವವರು ಬಹಳ. ಅವೆಲ್ಲ ನಿಜ. ಅದರ ಮೊದಲೇ ಇನ್ನೊಂದು ನಷ್ಟ ಆಗಿರುತ್ತದೆ: ಸಣ್ಣ ಸದ್ದುಗಳು ಹೊತ್ತು ತರುತ್ತಿದ್ದ ಸುದ್ದಿ ನಮಗೆ ಮುಟ್ಟುವುದಿಲ್ಲ. ದೊಡ್ಡ ಸದ್ದು ಸಣ್ಣದನ್ನು ಅಳಿಸುತ್ತದೆ, ಮಂದ್ರದ ಮೊರೆತ ತಾರಕದ ಸೂಕ್ಷ್ಮವನ್ನು ಇನ್ನೂ ಹೆಚ್ಚು ಅಳಿಸುತ್ತದೆ. ಬಸ್ಸಿನ ಎಂಜಿನ್ ಪಕ್ಕದಲ್ಲಿ ನಿಂತು ಎಳನೀರಿನವನು ತಟ್ಟಿದರೆ ಅವನಿಗೇನು ಕೇಳಿಸೀತು? ಹಿಂದಿನಿಂದ ಬರುವ ಸೈಕಲ್, ಮಗುವಿನ ಎದೆಯಲ್ಲಿ ಸುಯ್ಗುಡುವ ಕಫ, ಬೈಕಿನ ಚೈನು ಸಡಿಲವಾದ ಕಿರಿಕಿರಿ, ಫೋನಿನ ಆಚೆ ಕಡೆಯವರ ಗಂಟಲು ಕಟ್ಟಿದ್ದು, ಎಲ್ಲವೂ ಅಲ್ಲೇ ಇರುತ್ತವೆ, ನಮ್ಮವರೆಗೆ ಬರುವುದಿಲ್ಲ. ಹಕ್ಕಿಗಳೂ ಇದನ್ನು ಅನುಭವಿಸುತ್ತಿವೆ. ನೆದರ್‌ಲೆಂಡ್ಸ್‌ನ ಲೈಡನ್ ನಗರದಲ್ಲಿ ಗದ್ದಲದ ಬೀದಿಗಳಲ್ಲಿರುವ ಚೇಕಡಿ ಹಕ್ಕಿಗಳು ವಾಹನಗಳ ಮಂದ್ರದ ಮೊರೆತದ ಮೇಲೆ ಕೇಳಿಸಲೆಂದು ಎತ್ತರದ ಶ್ರುತಿಯಲ್ಲಿ ಹಾಡುತ್ತವೆ ಎಂದು 2003ರಲ್ಲಿ ಗೊತ್ತಾಯಿತು. 2020ರ ಲಾಕ್‌ಡೌನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗುಬ್ಬಿಜಾತಿಯ ಹಕ್ಕಿಗಳು ದನಿ ತಗ್ಗಿಸಿ ಹಾಡಿದವು, ಆದರೂ ಅವುಗಳ ಹಾಡು ಮೊದಲಿಗಿಂತ ದೂರ ಕೇಳಿಸಿತು.

ಮನುಷ್ಯರು ಮಾಡುವುದೂ ಇದನ್ನೇ. ಸುತ್ತಲಿನ ಸದ್ದು ಏರಿದರೆ ನಮಗೆ ಅರಿವಿಲ್ಲದೆಯೇ ದನಿ ಏರುತ್ತದೆ ಎಂದು ಎಟಿಯನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ 1911ರಲ್ಲಿ ಬರೆದ. ಛತ್ರದ ಊಟದ ಮನೆಯಲ್ಲಿ ಇದನ್ನು ನೋಡಬಹುದು. ಒಂದು ಪಂಕ್ತಿಯವರು ಜೋರಾಗಿ ಮಾತನಾಡಿದರೆ ಪಕ್ಕದ ಪಂಕ್ತಿ ಇನ್ನೂ ಜೋರು, ಅವರ ಮೇಲೆ ಬಡಿಸುವವರ ಕೂಗು, ಎಲ್ಲರ ಮೇಲೆ ಮೈಕು. ಗಾರೆ ಗೋಡೆ, ನುಣುಪು ಟೈಲ್ಸು, ತಗಡಿನ ಚಾವಣಿ ಯಾವುದೂ ಸದ್ದನ್ನು ಹೀರುವುದಿಲ್ಲ, ಎಲ್ಲವನ್ನೂ ಹಿಂದಕ್ಕೆ ಎಸೆಯುತ್ತವೆ. ವರ್ಷಗಳ ಮೇಲೆ ಸಿಕ್ಕ ನೆಂಟರು ಕೈ ಹಿಡಿದುಕೊಂಡು, ಮುಖ ನೋಡಿ ನಕ್ಕು, ಏನೂ ಮಾತನಾಡಲಾಗದೆ ಊಟ ಮುಗಿಸಿ ಹೋಗುತ್ತಾರೆ. ಅಷ್ಟು ದುಡ್ಡು ಸುರಿದು ಹೂವಿನ ಅಲಂಕಾರ ಮಾಡುವವರು ಚಾವಣಿಗೆ ನಾಲ್ಕು ದಪ್ಪ ಬಟ್ಟೆ ಕಟ್ಟಿಸಬಾರದೇ ಎಂದು ಪ್ರತಿ ಸಲ ಅನಿಸುತ್ತದೆ.

ವಿಜಯಪುರದ ಗೋಳಗುಮ್ಮಟದಲ್ಲಿ ನನಗೆ ಇದೇ ದುಃಖ ಆಗಿತ್ತು. ಮೊಹಮ್ಮದ್ ಆದಿಲ್ ಶಾಹನ ಆ ಸಮಾಧಿ ಮುಗಿದದ್ದು 1656ರ ಸುಮಾರಿಗೆ. ಒಳಗೆ ಗುಮ್ಮಟದ ಅಗಲ ಸುಮಾರು 38 ಮೀಟರ್. ಅದರ ಬುಡದಲ್ಲಿ ಸುತ್ತಲೂ ಓಡಾಡುವ ಮೊಗಸಾಲೆಯಲ್ಲಿ ಒಬ್ಬರು ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಬಾಗಿದ ಗೋಡೆ ಸದ್ದನ್ನು ಚೆದುರಲು ಬಿಡದೆ ತನ್ನ ಮೈಗಂಟಿಸಿಕೊಂಡೇ ಕರೆದುಕೊಂಡು ಹೋಗುತ್ತದೆ ಎಂದು ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಇಂಥದೇ ಮೊಗಸಾಲೆಯನ್ನು ಕುರಿತು ಭೌತವಿಜ್ಞಾನಿ ಲಾರ್ಡ್ ರ‍್ಯಾಲಿ ವಿವರಿಸಿದ್ದ. ಅಷ್ಟು ನಾಜೂಕಾದ ಸಂಗತಿ ಅದು. ನಾನು ಹೋದಾಗ ಮೇಲೆ ಹತ್ತಿದವರೆಲ್ಲ ಸೀಟಿ ಹೊಡೆಯುತ್ತಿದ್ದರು, ಕಿರುಚುತ್ತಿದ್ದರು. ಪ್ರತಿಧ್ವನಿ ಏಳು ಸಲ ಬರುತ್ತದೆಯೋ ಹತ್ತು ಸಲವೋ ಎಂದು ಎಣಿಸುವ ಉತ್ಸಾಹ. ಗಡಿಯಾರದ ಟಿಕ್ ಟಿಕ್ ಕೂಡ ದಾಟಿಸಬಲ್ಲ ಗೋಡೆಗೆ ಪಿಸುಮಾತು ಕೊಡುವವರೇ ಇರಲಿಲ್ಲ. ಹೋಗುವವರು ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಮಕ್ಕಳಿದ್ದರೆ ಮೊದಲು ಪಿಸುಮಾತು, ಆಮೇಲೆ ಚಪ್ಪಾಳೆ ಎಂದು ಹೇಳಿಕೊಡಿ.

ಸಣ್ಣ ದನಿಯವರು ಕೇಳಿಸಿಕೊಳ್ಳಲು ಮಾಡುವ ಉಪಾಯಗಳಲ್ಲಿ ನನಗೆ ಅತಿ ಮೆಚ್ಚಿನದು ಒಂದು ಪುಟ್ಟ ಮರಮಿಡತೆಯದು. ಗಂಡು ಮಿಡತೆ ರೆಕ್ಕೆಗೆ ರೆಕ್ಕೆ ಉಜ್ಜಿ ಹೆಣ್ಣನ್ನು ಕರೆಯುತ್ತದೆ. ರೆಕ್ಕೆಯ ಮುಂದೆ ಒತ್ತಡ ಹೆಚ್ಚಿದಾಗ ಹಿಂದೆ ಕಡಿಮೆಯಾಗಿ, ಅಂಚಿನಲ್ಲಿ ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕುವುದರಿಂದ ಸದ್ದು ದುರ್ಬಲವಾಗುತ್ತದೆ. ಕೆಲವು ಗಂಡುಗಳು ಎಲೆಯ ನಡುವೆ ತಮ್ಮ ಅಳತೆಗೆ ತೂತು ಕೊರೆದು, ಅದರಲ್ಲಿ ನಿಂತು, ಎಲೆಗೆ ರೆಕ್ಕೆ ಒತ್ತಿ ಹಿಡಿದು ಹಾಡುತ್ತವೆ. ಎಲೆ ಮುಂದಿನದನ್ನೂ ಹಿಂದಿನದನ್ನೂ ಬೇರೆ ಮಾಡುತ್ತದೆ, ದನಿ ದೊಡ್ಡದಾಗುತ್ತದೆ. ಸ್ಪೀಕರನ್ನು ಪೆಟ್ಟಿಗೆಯಲ್ಲಿ ಕೂರಿಸುವುದೂ ಇದೇ ಕಾರಣಕ್ಕೆ. ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಅವರ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೀಗೆ ಮಾಡುವುದು ಹೆಚ್ಚಾಗಿ ಗಾತ್ರದಲ್ಲಿ ಸಣ್ಣ, ದನಿಯಲ್ಲಿ ಮೆಲು ಇರುವ ಗಂಡುಗಳು.

ನಮ್ಮ ಬೀದಿಯ ಗಣೇಶೋತ್ಸವದ ಪೆಟ್ಟಿಗೆಗಳು ಆಳೆತ್ತರದವು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಹರಿದಿನಗಳಿಗೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಲು ಸರ್ಕಾರಕ್ಕೆ ಅಧಿಕಾರವಿದೆ, ಅದೂ ವರ್ಷಕ್ಕೆ ಹದಿನೈದು ದಿನ ಮೀರಬಾರದು. ಹಿಂದಿನ ವರ್ಷ ಸಂಜೆ ಏಳಕ್ಕೆ ನಮ್ಮ ಜಗುಲಿಯಲ್ಲಿ ಮೊಬೈಲ್ ಆ್ಯಪ್ 85 ತೋರಿಸಿತು. ಆ್ಯಪಿನ ಲೆಕ್ಕ ಅಂದಾಜಿನದೇ ಇರಬಹುದು, ಆದರೂ 55ಕ್ಕೂ 85ಕ್ಕೂ ನಡುವೆ ಶಕ್ತಿಯ ಅಂತರ ಸಾವಿರ ಪಟ್ಟು. ಅಮ್ಮ ಶ್ರವಣ ಸಾಧನ ತೆಗೆದು ಡಬ್ಬಿಯಲ್ಲಿಟ್ಟು ಒಳಗಿನ ಕೋಣೆಗೆ ಹೋಗಿ ಕುಳಿತಳು. ಹರಿಕಥೆ ಇದ್ದ ದಿನವೂ ಅವಳು ಹೊರಗೆ ಬರಲಿಲ್ಲ, ಅವಳಿಗೆ ಹರಿಕಥೆ ಎಂದರೆ ಪ್ರಾಣ.

ಮರುದಿನ ಬೆಳಗ್ಗೆ ಚಪ್ಪರದ ಹತ್ತಿರ ಹೋಗಿ ಹುಡುಗರ ಜೊತೆ ಕುಳಿತು ಮಾತನಾಡಿದೆ. ಕಾನೂನಿನ ಮಾತು ಎತ್ತಲಿಲ್ಲ. ಅಮ್ಮನ ಗೆರೆಚಿತ್ರ ತೋರಿಸಿದೆ. ಅವರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ‘ಅಕ್ಕಾ, ಹಾಗಾದರೆ ಜೋರು ಮಾಡಿದಷ್ಟೂ ಅಜ್ಜಿಗೆ ಕೇಳಿಸುವುದಿಲ್ಲವೇ?’ ಎಂದು ಒಬ್ಬ ಕೇಳಿದ. ತನ್ನ ಅಜ್ಜನೂ ಹಾಗೇ ಎಂದು ಇನ್ನೊಬ್ಬ ಹೇಳಿದ. ಧ್ವನಿವರ್ಧಕದ ಕೆಲಸ ಗೊತ್ತಿದ್ದ ಹುಡುಗನೊಬ್ಬ, ಒಂದೇ ಕಡೆ ದೊಡ್ಡ ಪೆಟ್ಟಿಗೆ ನಿಲ್ಲಿಸಿ ಕೊನೆಯ ಸಾಲಿಗೂ ಕೇಳಿಸಲೆಂದು ಹೆಚ್ಚಿಸುವ ಬದಲು, ಕುರ್ಚಿಗಳ ಹತ್ತಿರವೇ ನಾಲ್ಕು ಸಣ್ಣ ಪೆಟ್ಟಿಗೆ ಇಟ್ಟು ಕಡಿಮೆ ಮಾಡಬಹುದು, ಮಂದ್ರದ ಬಡಿತ ತಗ್ಗಿಸಿದರೆ ಮಾತೂ ಸ್ಪಷ್ಟವಾಗುತ್ತದೆ ಎಂದ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಆರು ಡೆಸಿಬಲ್ ಇಳಿಯುತ್ತದೆ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಸಂಜೆ ಅಷ್ಟೆಲ್ಲ ಬದಲಿಸಲು ಆಗಲಿಲ್ಲ, ಪೆಟ್ಟಿಗೆಯ ಮುಖ ಮನೆಗಳ ಕಡೆಯಿಂದ ತಿರುಗಿಸಿ ಬಡಿತ ತಗ್ಗಿಸಿದರು. ಈ ವರ್ಷ ಪೆಟ್ಟಿಗೆ ಎಲ್ಲಿ ಇಡಬೇಕು ಎಂದು ನೋಡಲು ಮೊದಲೇ ಬನ್ನಿ ಎಂದು ಕರೆದಿದ್ದಾರೆ. ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ, ಯಾವ ಕುರ್ಚಿಯಲ್ಲಿ ಹರಿಕಥೆ ಚೆನ್ನಾಗಿ ಕೇಳಿಸುತ್ತದೆ ಎಂದು ಅವಳೇ ಕುಳಿತು ಹೇಳಲಿ.